ಗೇಟಿನ ಹೊರಗೆ ನಿಂತ ಹನ್ನೆರಡು ಡೊಳ್ಳು

ಒಂದು ದಿನವೂ ಚೆಂಡು ಒದೆಯದೆ ಚೆಂಡಿನಿಂದಲೇ ಅನ್ನ ತಿಂದವಳು ನಾನು. ಹತ್ತೊಂಬತ್ತು ವರ್ಷ ಅಮೆರಿಕದ ಈಸ್ಟ್ ಬೇಯ ಒಂದು ಚಿಕ್ಕ ಸಾಕರ್ ಕ್ಲಬ್ಬಿನಲ್ಲಿ ಟಿಕೆಟು ಮಾರಿದೆ. ಕಿಟಕಿಯಲ್ಲಿ ಕೂತು ಒಂದೊಂದಾಗಿ ಅಲ್ಲ, ಗುಂಪುಗುಂಪಾಗಿ. ಕೆಲಸದ ಹೆಸರು ಕಾರ್ಡಿನ ಮೇಲೆ ಎರಡು ಸಾಲು ಹಿಡಿಯುತ್ತಿತ್ತು. ಮಾಡುತ್ತಿದ್ದದ್ದು ಮಾತ್ರ ಇಷ್ಟೇ: ನಮ್ಮ ದೇಶದವರು ಎಲ್ಲಿ ಹತ್ತು ಜನ ಸೇರುತ್ತಾರೋ ಅಲ್ಲಿಗೆ ಹೋಗಿ, ಬರುವ ಶನಿವಾರ ನಮ್ಮ ಮ್ಯಾಚಿಗೆ ಬನ್ನಿ ಎಂದು ಗೋಗರೆಯುವುದು. ಬಿಟ್ಟು ಒಂದು ವರ್ಷವಾಯಿತು. ಮೊನ್ನೆ ಅದೇ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ಫೋನು ಮಾಡಿ, "ಆಂಟಿ, ಸ್ವಲ್ಪ ಟಿಪ್ಸ್ ಕೊಡಿ" ಅಂದರು. ಟಿಪ್ಸು ಅಂದರೆ ಗೆದ್ದ ಕಥೆ ಅಂದುಕೊಂಡಿದ್ದಾರೆ, ಪಾಪ. ನನ್ನ ಹತ್ತಿರ ಇರುವುದು ತಲೆ ತಗ್ಗಿಸುವ ಕಥೆ. ಬೇಕಿದ್ದರೆ ಓದಿಕೊಳ್ಳಲಿ.

ನಾನು ಮಂಡ್ಯದವಳು. ಗಂಡನಿಗೆ ರೆಡ್‌ವುಡ್ ಸಿಟಿಯಲ್ಲಿ ಕೆಲಸ ಅಂತ ಬಂದವಳು. ಫುಟ್‌ಬಾಲ್ ಅಂದರೆ ಕಾಲಲ್ಲಿ ಒದೆಯುವ ದುಂಡು ಚೆಂಡು ಎಂದಷ್ಟೇ ಗೊತ್ತಿತ್ತು. ಇಲ್ಲಿನವರಿಗೆ ಫುಟ್‌ಬಾಲ್ ಅಂದರೆ ಬೇರೆ. ಮೊಟ್ಟೆಯ ಆಕಾರದ ಚೆಂಡು, ತಲೆಗೆ ಹೆಲ್ಮೆಟು, ಭುಜಕ್ಕೆ ಕವಚ, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಟ. ನಮ್ಮ ದುಂಡು ಚೆಂಡಿನ ಆಟಕ್ಕೆ ಸಾಕರ್ ಅಂತ ಹೆಸರಿಟ್ಟು ಪಕ್ಕಕ್ಕೆ ಕೂರಿಸಿದ್ದರು. ಈ ಎರಡು ಆಟದವರ ಜಗಳ ಮೈದಾನದಲ್ಲಿ ನಡೆಯುವುದಿಲ್ಲ. ನೋಡುವವರಿಗಾಗಿ ನಡೆಯುತ್ತದೆ. ಈಸ್ಟ್ ಬೇಯಲ್ಲೇ ಇರುವ ಡಬ್ಲಿನ್ ಅನ್ನುವ ಊರಿನಲ್ಲಿ ಗುಡ್ಡ ಕಡಿದು ಮನೆ ಕಟ್ಟುತ್ತಿದ್ದ ಕಾಲ ಅದು. ಈ ಬೇಸಿಗೆಯಲ್ಲಿ ಒಣಹುಲ್ಲು ಇದ್ದ ಕಡೆ ಮುಂದಿನ ಬೇಸಿಗೆಗೆ ಎರಡು ಬೀದಿ, ಒಂದು ಸ್ಕೂಲು. ಬಂದು ಇಳಿಯುತ್ತಿದ್ದವರಲ್ಲಿ ಅರ್ಧಕ್ಕರ್ಧ ನಮ್ಮವರೇ. ಅವರಿಗೆ ತಾತನ ಕಾಲದಿಂದ ಬಂದ ತಂಡ ಅಂತ ಒಂದಿಲ್ಲ. ಈಗ ಯಾರ ಟೋಪಿ ಹಾಕಿಕೊಳ್ಳುತ್ತಾರೋ ಮಕ್ಕಳು ಮೊಮ್ಮಕ್ಕಳೂ ಅವರ ಕಡೆಯೇ. ಅದಕ್ಕೇ ಗೃಹಪ್ರವೇಶದ ಹೊಗೆ ಆರುವ ಮುಂಚೆ ಎರಡೂ ಕಡೆಯ ಮಾರುವವರು ಬಾಗಿಲಲ್ಲಿ ಹಾಜರು.

ಆ ಕಡೆಯಿಂದ ಬರುತ್ತಿದ್ದವನು ಪ್ರಸನ್ನ, ಬೆಂಗಳೂರಿನ ಬಸವನಗುಡಿಯ ಹುಡುಗ. ದೊಡ್ಡ ಅಮೆರಿಕನ್ ಫುಟ್‌ಬಾಲ್ ತಂಡವೊಂದಕ್ಕೆ ನನ್ನಂಥದ್ದೇ ಕೆಲಸ ಮಾಡುತ್ತಿದ್ದ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಮಾತು ಮೆತ್ತಗೆ, ಹೇಳಿದ್ದನ್ನು ಮಾಡುವವನು. ಅವನನ್ನು ಕಂಡರೆ ನನಗೆ ಮೈಯೆಲ್ಲ ಉರಿ. ನಮ್ಮ ಕ್ಲಬ್ಬಿನಲ್ಲಿ ನನ್ನ ಮೇಲಿನವಳು ಲಿಂಡಾ. ಅವಳಿಗೆ ನಮ್ಮವರು ಯಾರೆಂದು ತಿಳಿಯುವ ಆಸೆ ಇರಲಿಲ್ಲ, ಎಷ್ಟು ಜನ ಅಂತ ಮಾತ್ರ ಕೇಳುತ್ತಿದ್ದಳು.

ಮೊದಲ ವರ್ಷದ ಎಡವಟ್ಟು ಹೇಳಿಬಿಡುತ್ತೇನೆ, ನಗುವುದಾದರೆ ಇದಕ್ಕೆ ನಗಿ. ಹಾಸನದ ಕಡೆಯ ಹನ್ನೆರಡು ಕುಟುಂಬವನ್ನು ಒಪ್ಪಿಸಿದ್ದೆ. ಒಬ್ಬ ಅಜ್ಜಿ, "ಊಟ ತರಬಹುದಾ?" ಅಂದರು. ತರದೆ ಏನು, ಧಾರಾಳವಾಗಿ ತನ್ನಿ ಅಂದೆ. ಕೇಳಿ ತಿಳಿಯಬೇಕು ಅಂತ ಹೊಳೆಯಲೇ ಇಲ್ಲ. ಗೇಟಿನಲ್ಲಿ ತಡೆದರು. ಹೊರಗಿನ ಊಟ ಒಳಗಿಲ್ಲ, ಬ್ಯಾಗು ಒಳಗೇನಿದೆ ಎಂದು ಕಾಣುವಂಥ ಪ್ಲಾಸ್ಟಿಕ್ಕಿನದೇ ಇರಬೇಕು. ಪುಳಿಯೋಗರೆಯ ಡಬ್ಬಿಗಳನ್ನು ಬಿಸಾಡು ಅಂದರೆ ಅಜ್ಜಿ ಬಿಟ್ಟಾರೆಯೇ? ಎಲ್ಲರೂ ಪಾರ್ಕಿಂಗ್ ಲಾಟಿಗೆ ವಾಪಸು ಹೋಗಿ ಕಾರಿನ ಬಾನೆಟ್ಟಿನ ಮೇಲೆ ಡಬ್ಬಿ ಇಟ್ಟುಕೊಂಡು ಪೂರ್ತಿ ಊಟ ಮುಗಿಸಿದರು. ಒಳಗೆ ಅರ್ಧ ಮ್ಯಾಚು ಮುಗಿದಿತ್ತು. ಅವಮಾನ ಆಯಿತು ಅಂತ ಅಳುತ್ತಾ ಕೂತಿದ್ದೆ, ಆಮೇಲೆ ನೋಡಿದರೆ ಎಲ್ಲರಿಗೂ ನೆನಪಿದ್ದದ್ದು ಆ ಊಟವೇ! ಮುಂದಿನ ವರ್ಷದಿಂದ ಮ್ಯಾಚಿಗೆ ಮುಂಚೆ ಪಾರ್ಕಿಂಗ್ ಲಾಟಿನ ಊಟ ಅಂತ ನಾನೇ ಕರೆಯತೊಡಗಿದೆ. ಪ್ರಸನ್ನ ಸಿಕ್ಕಾಗ ನಕ್ಕ. "ಮೇಡಂ, ಅದು ನಮ್ಮ ಆಟದವರ ಹಳೇ ಪದ್ಧತಿ. ಕಾಪಿ ಹೊಡೆದ್ರಿ." "ಹೋಗೋ, ಪುಳಿಯೋಗರೆ ನಿಮ್ಮ ಆಟದವರು ಕಂಡುಹಿಡಿದ್ರಾ?" ಅಂದೆ.

ಆಗೆಲ್ಲ ಫೋನ್ ಪಟ್ಟಿ ಹಿಡಿದು ಒಬ್ಬೊಬ್ಬರಿಗೇ ಕರೆ ಮಾಡುತ್ತಿದ್ದೆವು. ಆಮೇಲೆ ವಾಟ್ಸಾಪ್ ಗುಂಪು ಬಂತು. ಈಗಂತೂ ಯಾರು ಮೇಲ್ ತೆರೆದರು, ಯಾರು ಎಷ್ಟು ಹೊತ್ತು ನೋಡಿದರು ಎಂಬುದನ್ನೂ ಕಂಪ್ಯೂಟರ್ ಹೇಳುತ್ತದೆ. ನನ್ನ ಉಪಾಯ ಇವೆಲ್ಲಕ್ಕಿಂತ ಹಳೆಯದು, ಹೇಳಲು ನಾಚಿಕೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಕರೆದರೆ ಮನೆಯವರ ಪರವಾಗಿ ತಾಂಬೂಲದ ಚೀಲ ತುಂಬಲು ನಾನೇ ನಿಲ್ಲುತ್ತಿದ್ದೆ. ಎಲೆ, ಅಡಿಕೆ, ತೆಂಗಿನಕಾಯಿ, ರವಿಕೆ ಕಣ, ಅದರಡಿ ನಮ್ಮ ಕ್ಲಬ್ಬಿನ ವೇಳಾಪಟ್ಟಿ. ತಾಂಬೂಲವನ್ನು ಯಾರೂ ಬೇಡ ಅನ್ನುವುದಿಲ್ಲ. ಪ್ರಸನ್ನ ಗಂಡಸು, ಆ ಕೋಣೆಗೆ ಬರುವ ಹಾಗಿಲ್ಲ. ಅಲ್ಲಿ ಕೂತ ತಾಯಂದಿರಿಗೆ ದನಿ ತಗ್ಗಿಸಿ ಹೇಳುತ್ತಿದ್ದೆ: "ಆ ಮೊಟ್ಟೆ ಚೆಂಡಿನ ಆಟಕ್ಕೆ ಮಕ್ಕಳನ್ನ ಹಾಕ್ಬೇಡ್ರಮ್ಮ, ತಲೆಗೆ ತಲೆ ಗುದ್ದಿಸ್ತಾರೆ. ನೋಡೋಕೂ ಕರ್ಕೊಂಡು ಹೋಗ್ಬೇಡಿ, ಆಸೆ ಹತ್ತುತ್ತೆ." ಅದು ಪೂರ್ತಿ ಸುಳ್ಳಲ್ಲ. ಆದರೆ ನಮ್ಮ ಆಟದಲ್ಲೂ ಚೆಂಡನ್ನು ತಲೆಯಲ್ಲಿ ಹೊಡೆಯುತ್ತಾರೆ, ಪೆಟ್ಟಾಗುತ್ತದೆ. ಮಕ್ಕಳ ವಿಷಯದಲ್ಲಿ ಎಚ್ಚರ ಅಂತ ನಮ್ಮ ಕ್ಲಬ್ಬಿನವರೇ ಒಂದು ಹಾಳೆ ಅಚ್ಚು ಹಾಕಿಸಿದ್ದರು. ಆ ಹಾಳೆಯನ್ನು ನಾನು ಯಾವ ತಾಂಬೂಲದಲ್ಲೂ ಇಡಲಿಲ್ಲ.

ಹಾಗೆ ಕೇಳಿಸಿಕೊಂಡವರಲ್ಲಿ ಒಬ್ಬಳು ಸವಿತಾ. ಚನ್ನರಾಯಪಟ್ಟಣದವಳು, ಸಾಫ್ಟ್‌ವೇರ್ ಕೆಲಸ, ಮಾತು ಕಮ್ಮಿ. ಅವಳ ಮಗಳು ಮಾನ್ಯ ಆಗ ಒಂಬತ್ತು ವರ್ಷದ್ದು, ಫ್ಲಾಗ್ ಫುಟ್‌ಬಾಲ್ ಆಡುತ್ತಿದ್ದಳು. ಅದರಲ್ಲಿ ಗುದ್ದಾಟವೇ ಇಲ್ಲ, ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಕಿತ್ತರೆ ಔಟು, ಅಷ್ಟೇ. ಅದನ್ನು ನಾನು ಹೇಳಬಹುದಿತ್ತು. ಹೇಳಲಿಲ್ಲ. ಸವಿತಾ ಹೆದರಿ ಮಗಳನ್ನು ಬಿಡಿಸಿ ಸಾಕರಿಗೆ ಸೇರಿಸಿದಳು. ಆ ಮಗು ಸ್ವಲ್ಪ ದಿನ ಮುಖ ಊದಿಸಿಕೊಂಡಿತ್ತು, ಆಮೇಲೆ ದುಂಡು ಚೆಂಡೇ ಇಷ್ಟವಾಗಿ ನಮ್ಮ ತಂಡದ ಅಂಗಿ ಹಾಕಿಕೊಂಡು ಮಲಗುತ್ತಿತ್ತಂತೆ. ಆಫೀಸಿನಲ್ಲಿ ಈ ಕಥೆಯನ್ನು ಎಷ್ಟು ಸಲ ಹೇಳಿ ಜಂಭ ಕೊಚ್ಚಿಕೊಂಡೆನೋ!

ಈಗ ಗಂಗಕ್ಕನ ವಿಷಯ. ಗಂಗಕ್ಕ ಹಾವೇರಿ ಕಡೆಯವರು. ಅಪ್ಪ ಡೊಳ್ಳು ಬಾರಿಸುವವರು. ಹೆಣ್ಣುಮಕ್ಕಳು ಡೊಳ್ಳು ಮುಟ್ಟಬಾರದು ಅಂತ ಊರವರು ಅಂದಾಗ ಅವರಪ್ಪ, ನನ್ನ ಡೊಳ್ಳು, ನನ್ನ ಮಗಳು, ನಿಮಗೇನು ಅಂದಿದ್ದರಂತೆ. ಇಲ್ಲಿ ಡಬ್ಲಿನ್ನಿನ ಪಾರ್ಕೊಂದರಲ್ಲಿ ಭಾನುವಾರ ಬೆಳಿಗ್ಗೆ ಹನ್ನೊಂದು ಹೆಂಗಸರಿಗೆ ಕಲಿಸುತ್ತಿದ್ದರು. ಸವಿತಾಳೂ ಅವರಲ್ಲಿ ಒಬ್ಬಳು. ಎಲ್ಲರಂತೆ ಅವರಿಗೂ ಇಲ್ಲಿನ ಕನ್ನಡ ಸಂಘದ ಕಾರ್ಯಕ್ರಮಗಳಿಗೆ ಕರೆ ಬರುತ್ತಿತ್ತು, ಆದರೆ ಪ್ರತಿ ಸಲವೂ ಒಂದೇ ಮಾತು: ಸಭಾಂಗಣದೊಳಗೆ ಸದ್ದು ಜಾಸ್ತಿ, ಹೊರಗೆ ಬಾಗಿಲ ಹತ್ತಿರ ಬಾರಿಸಿ, ಅತಿಥಿಗಳನ್ನು ಕರೆದುಕೊಂಡು ಬನ್ನಿ. ಒಳಗೆ ಭರತನಾಟ್ಯ, ಹೊರಗೆ ಡೊಳ್ಳು. ಗಂಗಕ್ಕ ನನಗೊಮ್ಮೆ ಅಂದರು: "ಅಕ್ಕಾರ, ಡೊಳ್ಳು ಅಂದ್ರ ಬಾಗಲಾ ಕಾಯೋ ವಾದ್ಯ ಅಲ್ರಿ. ಬಯಲಿನ ನಟ್ಟನಡುವ ನಿಂತು ಬಾರಿಸೋದದು. ಒಮ್ಮೆ, ಒಂದ ಒಮ್ಮೆ, ಈ ಹೆಣ್ಣುಮಕ್ಕಳನ್ನ ಬಯಲಾಗ ನಿಂದ್ರಸಬೇಕು ನಾನು."

ಆ ಬಯಲು ಅವರಿಗೆ ಸಿಕ್ಕಿತ್ತು. ಪ್ರಸನ್ನ ಕೊಟ್ಟಿದ್ದ. ಅವನ ತಂಡದ ಸೀಸನ್ ಶುರುವಾಗುವ ಮುಂಚಿನ ಒಂದು ಪಂದ್ಯದ ಹಾಫ್ ಟೈಮಿನಲ್ಲಿ ಮೈದಾನದ ಮಧ್ಯೆ ನಾಲ್ಕು ನಿಮಿಷ. ಅವರ ಆಟದಲ್ಲಿ ಹಾಫ್ ಟೈಮ್ ಅಂದರೆ ಬ್ಯಾಂಡು, ಕುಣಿತ ಇದ್ದದ್ದೇ. ಗಂಗಕ್ಕನ ತಂಡ ಹೋದರೆ ಅದರ ಹಿಂದೆ ಗಂಡ, ಮಕ್ಕಳು, ಅತ್ತೆ, ಮಾವ, ಪಕ್ಕದ ಮನೆಯವರು, ಇಡೀ ಡಬ್ಲಿನ್ನೇ ಹೋಗುತ್ತದೆ. ನನಗೆ ಸುದ್ದಿ ತಿಳಿದ ದಿನ ಊಟ ಸೇರಲಿಲ್ಲ.

ಮಾರನೆಯ ದಿನವೇ ಗಂಗಕ್ಕನ ಮನೆಗೆ ಹೋದೆ. ಬರಿಗೈಯಲ್ಲಿ ಅಲ್ಲ, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು. ನಮ್ಮ ಕಡೆ ಮೇಳದವರನ್ನು ಕರೆಯುವುದಾದರೆ ವೀಳ್ಯ ಕೊಟ್ಟು ಕರೆಯಬೇಕು. ವೀಳ್ಯ ತೆಗೆದುಕೊಂಡರೆ ಮುಗಿಯಿತು, ಆಮೇಲೆ ರಾಜ ಕರೆದರೂ ಹೋಗುವ ಹಾಗಿಲ್ಲ. ನನಗದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಹೋಗಿದ್ದು.

"ಗಂಗಕ್ಕ, ಅವರು ಹೇಳ್ತಾರೆ ಅಷ್ಟೇ, ಕೊನೇಲಿ ನಿಮ್ಮನ್ನ ಪಾರ್ಕಿಂಗ್ ಲಾಟಲ್ಲಿ ನಿಲ್ಲಿಸ್ತಾರೆ ನೋಡ್ತಿರಿ. ನಮ್ಮಲ್ಲಿ ಹಾಫ್ ಟೈಮಲ್ಲಿ ನಟ್ಟನಡುವೆ. ನಾನು ಮಾತು ಕೊಡ್ತೀನಿ."

ಅವರು ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು. "ಇಲ್ಲಿಗೆ ಬಂದು ಇಪ್ಪತ್ತು ವರ್ಷಾತು. ವೀಳ್ಯಾ ಕೊಟ್ಟು ಕರದವ್ರು ನೀವ ಮೊದಲ್ನೇದವ್ರು ನೋಡ್ರಿ" ಅಂದರು. ಕಣ್ಣಲ್ಲಿ ನೀರಿತ್ತು. ಎಲೆಯನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು.

ನಮ್ಮ ಮೈದಾನದಲ್ಲಿ ಹಾಫ್ ಟೈಮಿನಲ್ಲಿ ಆಟಗಾರರನ್ನು ಬಿಟ್ಟು ಯಾರೂ ಹುಲ್ಲಿನ ಮೇಲೆ ಕಾಲಿಡುವ ಹಾಗಿಲ್ಲ. ಇರುವುದು ಹದಿನೈದು ನಿಮಿಷ. ಅಷ್ಟರಲ್ಲಿ ಹುಲ್ಲಿಗೆ ನೀರು ಹಾಯಿಸುತ್ತಾರೆ, ಬದಲಿ ಆಟಗಾರರು ಓಡಾಡುತ್ತಾರೆ. ಈ ನಿಯಮ ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ತಿಳಿದದ್ದು. ಹೇಗಾದರೂ ಲಿಂಡಾಳನ್ನು ಒಪ್ಪಿಸಬಹುದು ಅಂದುಕೊಂಡೆ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಪ್ರಸನ್ನನ ಕೈಯಿಂದ ಕಿತ್ತುಕೊಂಡರೆ ಸಾಕಿತ್ತು ನನಗೆ. ಲಿಂಡಾಳನ್ನು ಕೇಳಿದ್ದು ಮೂರು ವಾರ ಬಿಟ್ಟು. ಅವಳು ತಲೆಯೆತ್ತದೆ, "ಗೇಟಿನ ಹೊರಗೆ ಜಾಗ ಇದೆಯಲ್ಲ, ಅಲ್ಲಿ ಬಾರಿಸಲಿ. ಎಷ್ಟು ಜನ ಬರ್ತಾರೆ?" ಅಂದಳು. ನಾನು ಸಂಖ್ಯೆ ಹೇಳಿದೆ. ಅವಳಿಗೆ ಖುಷಿಯಾಯಿತು.

ಅಷ್ಟರಲ್ಲಿ ಪ್ರಸನ್ನ ಫೋನು ಮಾಡಿದ. "ಮೇಡಂ, ನಮ್ಮ ನಾಲ್ಕು ನಿಮಿಷ ಇನ್ನೂ ಖಾಲಿ ಇಟ್ಟಿದೀನಿ. ಗಂಗಕ್ಕ ವೀಳ್ಯ ಆಗೋಯ್ತು ಅಂತಾರೆ. ನಿಮ್ಮಲ್ಲಿ ಪಕ್ಕಾ ಆಗಿದ್ರೆ ನಂಗೂ ಸಂತೋಷಾನೇ. ರೈಟಿಂಗಲ್ಲಿ ಇದೆ ತಾನೇ?"

"ನನ್ನ ಕೆಲಸ ನಂಗೆ ಗೊತ್ತು, ನಿನ್ನ ಕೆಲಸ ನೀನು ನೋಡ್ಕೋ" ಅಂತ ಫೋನಿಟ್ಟೆ. ಆವತ್ತು ಒಂದು ಮಾತು ಹೇಳಿದ್ದರೆ ಸಾಕಿತ್ತು. ಗಂಗಕ್ಕ, ನನ್ನಿಂದ ತಪ್ಪಾಯಿತು, ವೀಳ್ಯ ವಾಪಸು ಕೊಡಿ, ಅವರ ಕಡೆ ಹೋಗಿ ಅಂತ.

ಆ ಶನಿವಾರ ಸಂಜೆ ಐದಕ್ಕೆ ಮ್ಯಾಚು. ಡೊಳ್ಳಿನವರಿಗೆ ನಾಲ್ಕಕ್ಕೆ ಬನ್ನಿ ಅಂದಿದ್ದೆ. ಹನ್ನೊಂದು ಜನ ಕಚ್ಚೆ ಸೀರೆ ಉಟ್ಟು, ಹಣೆಗೆ ಭಂಡಾರ ಹಚ್ಚಿಕೊಂಡು ಹೊತ್ತಿಗೆ ಸರಿಯಾಗಿ ಬಂದರು. ಸವಿತಾ ಬಂದದ್ದು ಇಪ್ಪತ್ತು ನಿಮಿಷ ತಡವಾಗಿ, ಏದುಸಿರು ಬಿಡುತ್ತಾ. ಮಾನ್ಯಳ ಸಾಕರ್ ಪಂದ್ಯ ಸಮವಾಗಿ, ಇನ್ನೊಂದಿಷ್ಟು ಹೊತ್ತು ಎಳೆದಿತ್ತಂತೆ. ಯಾರೂ ಏನೂ ಅನ್ನಲಿಲ್ಲ. ಮೊದಲು ಗೇಟಿನ ಹೊರಗೆ ಸ್ವಲ್ಪ ಬಾರಿಸಿ, ಹಾಫ್ ಟೈಮಿಗೆ ಒಳಗೆ ಅಂದೆ. ಬ್ಯಾಗು ತಪಾಸಣೆ ಮಾಡುವವರ ಪಕ್ಕ, ಪೋರ್ಟಬಲ್ ಟಾಯ್ಲೆಟ್ಟುಗಳ ಸಾಲಿನ ಮುಂದೆ ಹನ್ನೆರಡು ಡೊಳ್ಳು. ಜನ ಬಿಯರ್ ಹಿಡಿದು ಪಕ್ಕದಲ್ಲೇ ಹಾದುಹೋದರು. ಸೆಕ್ಯುರಿಟಿಯವನು ಬಂದು ಇನ್ನೂ ಹಿಂದಕ್ಕೆ ಸರಿಯಿರಿ ಅಂದ. ಸರಿದರು. ಗಂಗಕ್ಕ ಮಾತ್ರ ನನ್ನ ಕಡೆ ನೋಡಿ ನಕ್ಕರು, ಇದೇನು, ಒಳಗಿದೆಯಲ್ಲ ನಮ್ಮ ಬಯಲು ಅನ್ನುವ ಹಾಗೆ.

ಹಾಫ್ ಟೈಮಿಗೆ ಮುಂಚೆ ಅವರನ್ನು ಗ್ಯಾಲರಿ ಕೆಳಗಿನ ದಾರಿಯ ಬಾಯಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ಯಾಕೆ ನಿಲ್ಲಿಸಿದೆನೋ, ಅಯ್ಯೋ, ಇವತ್ತಿಗೂ ಅರ್ಥವಾಗುವುದಿಲ್ಲ. ಹಸಿರು ಮೈದಾನ ಹತ್ತು ಹೆಜ್ಜೆ ದೂರ. ಮೇಲೆ ಕೂತ ನಮ್ಮವರೆಲ್ಲ ಫೋನು ಎತ್ತಿ ಹಿಡಿದು ಕಾಯುತ್ತಿದ್ದರು. ಸೀಟಿ ಊದಿದರು. ಆಟಗಾರರು ಒಳಗೆ ಹೋದರು.

"ಹೋಗೂಣ್ರಿ?" ಅಂದರು ಗಂಗಕ್ಕ.

"ಐದು ನಿಮಿಷ."

ಹುಲ್ಲಿನ ಮೇಲೆ ಚಿರ್ ಅಂತ ನೀರು ಚಿಮ್ಮತೊಡಗಿತು. ನೀರು ನಿಂತಿತು. ಬದಲಿ ಆಟಗಾರರು ಚೆಂಡು ಒದೆಯುತ್ತಾ ಓಡಾಡಿದರು. ಹನ್ನೆರಡು ಜನ ಅಷ್ಟು ಭಾರದ ಡೊಳ್ಳು ಕಟ್ಟಿಕೊಂಡೇ ನಿಂತಿದ್ದರು, ಒಬ್ಬರೂ ಕೆಳಗಿಡಲಿಲ್ಲ. ಆಟಗಾರರು ವಾಪಸು ಬಂದರು. ಗಂಗಕ್ಕ ನನ್ನನ್ನೇ ನೋಡಿದರು. ಆಗ ನನ್ನ ಬಾಯಿಂದ ಬಂದದ್ದು ಇದು:

"ನಾಲ್ಕಕ್ಕೆ ಎಲ್ಲರೂ ಇರ್ಬೇಕಿತ್ತು ಗಂಗಕ್ಕ. ಒಬ್ರು ಲೇಟಾದ್ರು. ಅಷ್ಟರಲ್ಲಿ ಅವರು ಲಿಸ್ಟ್ ಕ್ಲೋಸ್ ಮಾಡ್ಬಿಟ್ರು. ನಾನೇನ್ ಮಾಡ್ಲಿ ಹೇಳಿ?"

ಮೊದಲೇ ಯೋಚಿಸಿಟ್ಟದ್ದಲ್ಲ. ಆದರೆ ಎಷ್ಟು ಸರಾಗವಾಗಿ ಬಂತು! ಎಲ್ಲರೂ ಸವಿತಾಳ ಕಡೆ ತಿರುಗಿದರು. ಗಂಗಕ್ಕ ಬೈದರು, ಬಾಯಿಗೆ ಬಂದ ಹಾಗೆ ಬೈದರು. "ಇಪ್ಪತ್ತು ವರ್ಷ ಕಾದೀನಿ ನಾನು, ನಿನಗ ಇಪ್ಪತ್ತು ನಿಮಿಷ ಮೊದಲ ಬರಾಕ ಆಗಲಿಲ್ಲೇನ?" ಸವಿತಾ ತಲೆ ಬಗ್ಗಿಸಿಕೊಂಡು ಡೊಳ್ಳಿನ ಹಗ್ಗ ಬಿಚ್ಚತೊಡಗಿದಳು. ಗಂಟು ಬೇಗ ಬಿಚ್ಚಿಕೊಳ್ಳಲಿಲ್ಲ. ನಾನು ಎರಡು ಹೆಜ್ಜೆ ದೂರದಲ್ಲಿ ನಿಂತು ನೋಡಿದೆ. ಅವಳು ಮತ್ತೆ ಡೊಳ್ಳು ಕಟ್ಟಲಿಲ್ಲ.

ಇದಕ್ಕಿಂತ ಕೆಟ್ಟದ್ದು ಮುಂದಿನ ಶುಕ್ರವಾರ ಬಂತು. ಗಂಗಕ್ಕ ನಮ್ಮ ಮನೆಗೆ ಬಂದರು. ತಟ್ಟೆಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣು, ರವಿಕೆ ಕಣ. "ವೀಳ್ಯಾ ತಗೊಂಡು ಹೊತ್ತಿಗೆ ನಿಂದ್ರಲಿಲ್ಲ, ತಪ್ಪು ನಮ್ಮದ ಐತಿ. ಹೊಟ್ಟಿಗೆ ಹಾಕ್ಕೊಳ್ರಿ ಅಕ್ಕಾರ" ಅಂದರು. ನನ್ನ ಕೈ ಮುಂದಕ್ಕೆ ಹೋಯಿತು. ತೆಗೆದುಕೊಂಡೆ. "ಪರವಾಗಿಲ್ಲ ಬಿಡಿ, ಆಗುತ್ತೆ" ಅಂದೆ. ಹಾಗಂತ ಅಂದೆ ನಾನು! ಕಾಫಿ ಮಾಡಿ ಕೊಟ್ಟೆ. ಆ ಎಲೆಗಳನ್ನು ಹಾಕಿಕೊಳ್ಳಲೂ ಆಗಲಿಲ್ಲ, ಬಿಸಾಡಲೂ ಆಗಲಿಲ್ಲ, ಫ್ರಿಜ್ಜಿನಲ್ಲಿ ಕಪ್ಪಗಾದವು. ಆ ವರ್ಷ ಅತಿ ಹೆಚ್ಚು ಜನರನ್ನು ಕರೆತಂದದ್ದಕ್ಕೆ ಲಿಂಡಾ ನನಗೊಂದು ಫಲಕ ಕೊಟ್ಟಳು. ಅದು ಗ್ಯಾರೇಜಿನಲ್ಲಿ ಎಲ್ಲೋ ಇದೆ.

ಕೊನೆಗೆ ಆ ಅಭಿಮಾನಿಗಳು ಯಾರ ಪಾಲಾದರು ಅಂತ ಹೊಸ ಹುಡುಗಿಯರು ಕೇಳಬಹುದು. ನಮಗೂ ಇಲ್ಲ, ಪ್ರಸನ್ನನಿಗೂ ಇಲ್ಲ. ಎರಡು ಬೆಕ್ಕಿನ ಜಗಳದಲ್ಲಿ ಬೆಣ್ಣೆ ಕೋತಿಗೆ ಸಿಕ್ಕಿತು. ವಾರಾಂತ್ಯ ಎಲ್ಲರೂ ಕ್ರಿಕೆಟ್ ಬ್ಯಾಟು ಹಿಡಿದು ಹೊರಡುತ್ತಾರೆ. ಅದಕ್ಕಾಗಿ ನಾನು ಅಷ್ಟು ಮಾಡಿದ್ದು.

ಇದೆಲ್ಲ ಆಗಿ ಆರು ವರ್ಷದ ಮೇಲೆ, ಈ ಯುಗಾದಿಗೆ ಮುಂಚೆ, ಇಂಡಿಯನ್ ಗ್ರೋಸರಿಯಲ್ಲಿ ಬೇವಿನ ಸೊಪ್ಪು ಹುಡುಕುತ್ತಿದ್ದಾಗ ಗಂಗಕ್ಕ ಸಿಕ್ಕರು. ಅಲ್ಲೇ, ಕೊತ್ತಂಬರಿ ಕಟ್ಟುಗಳ ಮುಂದೆ ಹೇಳಿಬಿಟ್ಟೆ. ಎಲ್ಲವನ್ನೂ. ಅವರು ಕೈಯಲ್ಲಿದ್ದ ಕಟ್ಟನ್ನು ವಾಪಸು ಇಟ್ಟರು.

"ನನ್ನ ಮುಂದ ಹೇಳಿ ಹಗುರ ಆಗಬ್ಯಾಡ್ರಿ" ಅಂದರು. "ಹತ್ತು ಮಂದಿ ಮುಂದ ಆ ಹುಡುಗೀನ ಬೈದಾಕಿ ನಾನು, ನಿಮ್ಮ ಮಾತು ನಂಬಿ. ಆವತ್ತಿಂದ ಆಕಿ ಎಲ್ಲಿ ಕರದ್ರೂ ಅರ್ಧ ತಾಸು ಮೊದಲ ಬಂದು, ಕಾರಿನ್ಯಾಗ ಕುಂತು ಕಾಯ್ತಾಳ. ಗೊತ್ತೈತೇನ್ರಿ ನಿಮಗ? ನಾ ಆಮ್ಯಾಲ ಹೋಗಿ ಆಕಿ ಕಾಲಿಗೆ ಬೀಳ್ತೀನಿ. ಮೊದಲ ನೀವು ಹೇಳ್ರಿ." ನನ್ನ ಮುಖ ನೋಡದೆ ಹೊರಟು ಹೋದರು.

ಸವಿತಾಗೆ ಫೋನು ಮಾಡಿ, ಭಾನುವಾರ ಹನ್ನೊಂದಕ್ಕೆ ಮನೆಗೆ ಬರುತ್ತೀಯಾ, ಒಂದು ಮಾತಿದೆ ಅಂದೆ. ಬರ್ತೀನಿ ಆಂಟಿ ಅಂದಳು. ಆ ಭಾನುವಾರ ಹತ್ತೂವರೆಗೆ ಕಿಟಕಿಯ ಪರದೆ ಸರಿಸಿದೆ. ಎದುರು ಬದಿಯಲ್ಲಿ ಬಿಳಿ ಕಾರು. ಒಳಗೆ ಸವಿತಾ, ಎರಡೂ ಕೈ ಸ್ಟೀರಿಂಗ್ ಮೇಲೆ, ನೇರ ಮುಂದೆ ನೋಡುತ್ತಾ ಕೂತಿದ್ದಾಳೆ. ಹನ್ನೊಂದಾಗುವವರೆಗೆ ನಿಂತು ನೋಡುವ ಧೈರ್ಯ ನನಗಿರಲಿಲ್ಲ. ಬರಿಗಾಲಲ್ಲೇ ರಸ್ತೆ ದಾಟಿದೆ.

ಅವಳು ಗಾಬರಿಯಿಂದ ಗಾಜು ಇಳಿಸಿದಳು. "ಸಾರಿ ಆಂಟಿ, ನಾನೇ ಸ್ವಲ್ಪ ಬೇಗ ಬಂದ್ಬಿಟ್ಟೆ. ನೀವು ಕೆಲ್ಸ ಮುಗಿಸ್ಕೊಳ್ಳಿ, ನಾನು ಹನ್ನೊಂದಕ್ಕೇ ಬರ್ತೀನಿ."

"ಸವಿತಾ, ಆವತ್ತು ನೀನು ಲೇಟಾಗಿದ್ದಕ್ಕಲ್ಲ ಕಣೆ" ಅಂದೆ. "ಲಿಸ್ಟೇ ಇರ್ಲಿಲ್ಲ. ಒಳಗೆ ಬಿಡಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು. ನಿನ್ನ ಮೇಲೆ ಹಾಕ್ದೆ."

ಅವಳು ಕಾರಿನ ಗಡಿಯಾರ ನೋಡಿದಳು, ಆಮೇಲೆ ನನ್ನ ಕಾಲು ನೋಡಿದಳು.

"ಆವತ್ತು ಮನೆಗೆ ಹೋಗಿ ಮಾನ್ಯನಿಗೆ ತುಂಬಾ ಬೈದೆ ಆಂಟಿ" ಅಂದಳು. "ನಿನ್ನ ದರಿದ್ರ ಆಟದಿಂದ ಹೀಗಾಯ್ತು ಅಂದೆ. ಅವಳು ಶೂ ಬಿಚ್ಚಿಟ್ಟವಳು ಮತ್ತೆ ಹಾಕ್ಕೊಳ್ಲೇ ಇಲ್ಲ. ಈಗ ಹದಿನಾರು ಅವಳಿಗೆ. ಯಾವ ಆಟಾನೂ ನೋಡಲ್ಲ." ಆಮೇಲೆ ಕೇಳಿದಳು: "ಅವಳಿಗೆ ನಾನು ಏನಂತ ಹೇಳ್ಲಿ?"